ಅಣ್ಣನ ಹೊಲದಲ್ಲಿ ಕೆಂಪು, ಹಳದಿ, ನೀಲಿ

ನಮ್ಮ ಕಡೆ ಯಾರ ಮುಂದಾದರೂ ನಾನು ಬೆಳಕಿನಿಂದ ಕಲೆ ಮಾಡುತ್ತೇನೆ ಎಂದು ಹೇಳಿ ನೋಡಿ. ಮೊದಲು ಕೇಳುವುದು, ಮದುವೆ ಯಾರದು ಅಂತ. ಮದುವೆ ಅಲ್ಲ ಎಂದರೆ ಗಣಪತಿ ಕೂಡಿಸುತ್ತೀರೇನು ಎನ್ನುತ್ತಾರೆ. ಅದೂ ಅಲ್ಲ ಎಂದರೆ ಮುಖ ಸಣ್ಣದು ಮಾಡಿಕೊಂಡು, ಪಾಪ, ಈಕೆಗೆ ಮನೆಯಲ್ಲಿ ಏನೋ ತ್ರಾಸಿರಬೇಕು ಎನ್ನುವ ಹಾಗೆ ಚಹಾ ತರಿಸುತ್ತಾರೆ. ನಾನು ಸರ್ಕಾರಿ ಹೈಸ್ಕೂಲಿನ ಡ್ರಾಯಿಂಗ್ ಟೀಚರ್. ಆಳಂದ, ಜೇವರ್ಗಿ, ಈಗ ಅಫಜಲಪುರ. ಮೂರೂ ತಾಲೂಕಿನಲ್ಲಿ ಈ ಕನಿಕರದ ಚಹಾ ಕುಡಿದಿದ್ದೇನೆ. ಆಳಂದದ್ದರಲ್ಲಿ ಸಕ್ಕರೆ ಹೆಚ್ಚು.

ನಾನು ಮಾಡುವುದು ಏನು ಅಂತ ಒಮ್ಮೆ ಸರಿಯಾಗಿ ಹೇಳಿಬಿಡುತ್ತೇನೆ. ಬೇರೆಯವರು ಬಣ್ಣ ಬಳಿದರೆ ನಾನು ಬಲ್ಬು, ಟಾರ್ಚು, ಟ್ಯೂಬ್‌ಲೈಟು, ಬಣ್ಣದ ಹಾಳೆ ಇಟ್ಟುಕೊಂಡು ಗೋಡೆಯ ಮೇಲೆ, ಬಟ್ಟೆಯ ಮೇಲೆ, ನೀರಿನ ಮೇಲೆ ಬೆಳಕು ಬೀಳಿಸುತ್ತೇನೆ. ಎಲ್ಲಿ ಬೀಳಬೇಕು, ಎಷ್ಟು ಬೀಳಬೇಕು, ನೆರಳು ಯಾವ ಕಡೆ ಹೋಗಬೇಕು ಎಂದು ಗಂಟೆಗಟ್ಟಲೆ ಒದ್ದಾಡುತ್ತೇನೆ. ಒಂದು ಸಂಜೆ ಜನ ನೋಡುತ್ತಾರೆ. ಆಮೇಲೆ ಸ್ವಿಚ್ ತೆಗೆದರೆ ಮುಗಿಯಿತು, ಗೋಡೆ ಮತ್ತೆ ಗೋಡೆ. ಉಳಿಯದೆ ಇರುವುದೇ ಈ ಕೆಲಸದ ಲಕ್ಷಣ. ಇದನ್ನು ನಮ್ಮ ಜನಕ್ಕೆ ಹೇಳಿದರೆ, ಉಳಿಯುವುದಿಲ್ಲ ಅಂದಮೇಲೆ ಮಾಡುವುದ್ಯಾಕೆ ಎನ್ನುತ್ತಾರೆ. ದಿನಾ ಎರಡು ಹೊತ್ತು ರೊಟ್ಟಿ ಬಡಿಯುತ್ತಾರಲ್ಲ, ಅದು ಎಷ್ಟು ವರ್ಷ ಉಳಿಯುತ್ತದೋ ನನಗಂತೂ ತಿಳಿಯದು.

ಆಳಂದದ ಶಾಲೆಯಲ್ಲಿ ನನ್ನ ಮೊದಲ ಪ್ರಯೋಗ. ಕಿಟಕಿಗಳಿಗೆ ಜಮಖಾನೆ ಕಟ್ಟಿ, ಕೋಣೆಯ ನಡುವೆ ಒಂದು ದೊಡ್ಡ ಪರಾತದಲ್ಲಿ ನೀರು ತುಂಬಿ, ಅದಕ್ಕೆ ಓರೆಯಾಗಿ ಟಾರ್ಚ್ ಇಟ್ಟಿದ್ದೆ. ನೀರು ಅಲುಗಿದರೆ ಛತ್ತಿನ ತುಂಬ ಬೆಳಕು ಹರಿದಾಡುತ್ತಿತ್ತು. ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು. ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದರು. ಮೇಲೆ ನೋಡಿದರು, ಮಕ್ಕಳನ್ನು ಆ ಕಡೆ ಸರಿಸಿದರು, ಜವಾನನನ್ನು ಕೂಗಿ ಬೆಳಕು ಬೀಳುತ್ತಿದ್ದ ಜಾಗದ ಕೆಳಗೆ ಒಂದು ಬಕೆಟ್ ಇಡಿಸಿದರು. ಛತ್ತು ಸೋರುತ್ತಿದೆ ಎಂದುಕೊಂಡಿದ್ದರು. ಸೋರುತ್ತಿಲ್ಲ ಸರ್, ಇದು ಬೆಳಕು ಎಂದೆ. ಇರಲಿ ಬಿಡಿ, ಬಕೆಟ್ ಇದ್ದರೆ ಒಳ್ಳೆಯದೇ ಎಂದು ಹೋದರು.

ಜೇವರ್ಗಿಯಲ್ಲಿ ಇನ್ನೂ ಚೆಂದ. ಖಾಲಿ ಬಿದ್ದಿದ್ದ ಹತ್ತಿಯ ಗೋದಾಮೊಂದರಲ್ಲಿ ಹಳೆಯ ಟ್ಯೂಬ್‌ಲೈಟುಗಳನ್ನು ತಂದು, ಒಂದೊಂದನ್ನೂ ಬೇರೆ ಬೇರೆ ಓರೆಯಲ್ಲಿ ತೂಗುಹಾಕಿದ್ದೆ. ಒಂದು ಬೀಳುವಂತೆ, ಒಂದು ಏಳುವಂತೆ, ಒಂದು ಗೋಡೆಗೆ ಒರಗಿದಂತೆ. ಅದಕ್ಕಾಗಿ ನಾಲ್ಕಾರು ದಿನ ಏಣಿ ಹತ್ತಿ ಇಳಿದು ಸೊಂಟ ಹಿಡಿದಿತ್ತು. ಜನ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದರು, ದೀಪಕ್ಕೆ ಕೈಮುಗಿದರು, ಒಳ್ಳೆಯ ಮಾತಾಡಿದರು. ನಾನು ಉಬ್ಬಿಹೋಗಿ ಊಟಕ್ಕೆ ಹೋದೆ. ತಿರುಗಿ ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮ ಎಲ್ಲ ಟ್ಯೂಬುಗಳನ್ನು ನೆಟ್ಟಗೆ, ಸಾಲಾಗಿ, ದಾರ ಹಿಡಿದು ಅಳತೆ ಮಾಡಿದ ಹಾಗೆ ಕಟ್ಟಿಬಿಟ್ಟಿದ್ದ. ಅಲ್ಲಿದ್ದ ಹಿರಿಯರೊಬ್ಬರು ನನ್ನನ್ನು ಕಂಡು, ಹೆಣ್ಣುಮಗಳು ಒಬ್ಬಳೇ ಕಟ್ಟಿದ್ದಕ್ಕೆ ಸೊಟ್ಟ ಆಗಿದ್ದವು, ನಮ್ಮ ಹುಡುಗರು ಸರಿ ಮಾಡಿಕೊಟ್ಟಿದ್ದಾರೆ ನೋಡಿ ಎಂದು ಸಮಾಧಾನ ಹೇಳಿದರು. ನಾನು ಥ್ಯಾಂಕ್ಸ್ ಎಂದೆ. ಇನ್ನೇನು ಹೇಳಲಿ, ನನ್ನ ತಲೆ?

ಇವರೆಲ್ಲ ಹೊರಗಿನವರು, ನಕ್ಕು ಬಿಡಬಹುದು. ನಮ್ಮ ಅಣ್ಣನನ್ನು ಏನು ಮಾಡುವುದು?

ಅಣ್ಣ ಇರುವುದು ಮಣ್ಣೂರಿನಲ್ಲಿ, ಭೀಮಾ ದಂಡೆಗೆ. ಕಬ್ಬು, ತೊಗರಿ, ನಾಲ್ಕು ಜನ ಬಂದು ಸಲಹೆ ಕೇಳುವ ಪಡಸಾಲೆ, ಇಸ್ತ್ರಿ ಮುರಿಯದ ಧೋತ್ರ. ಅವನು ಯಾವ ವಸ್ತುವನ್ನು ಕಂಡರೂ ಕೇಳುವುದು ಒಂದೇ ಪ್ರಶ್ನೆ: ಇದು ಯಾತಕ್ಕ ಬರ್ತದ? ಎತ್ತು, ಟ್ರ್ಯಾಕ್ಟರು, ಸೊಸೈಟಿ ಮೆಂಬರು, ಬೀಗರು, ಎಲ್ಲರನ್ನೂ ಆ ತಕ್ಕಡಿಯಲ್ಲೇ ತೂಗುತ್ತಾನೆ. ವರ್ಷಗಳ ಹಿಂದೆ ನನ್ನ ಕೆಲಸದ ಫೋಟೋ ತೋರಿಸಿದಾಗಲೂ ಅದನ್ನೇ ಕೇಳಿದ. ನಾನು ಆಗ ಇನ್ನೂ ಸಣ್ಣವಳು, ಯೋಚಿಸದೆ, "ಸುಮ್ನ, ನೋಡಾಕ" ಎಂದೆ.

ಅಷ್ಟೇ ಸಾಕಾಯಿತು. ಆವತ್ತಿನಿಂದ ಅದು ಮನೆಯ ಚೇಷ್ಟೆಯಾಯಿತು. ಬಂದವರ ಮುಂದೆಲ್ಲ, ನಮ್ಮ ತಂಗಿ ಸರ್ಕಾರದ ಪಗಾರ ತಿಂದು ಸುಮ್ಮನೆ ನೋಡಲಿಕ್ಕೆ ಲೈಟು ಹಚ್ಚುತ್ತಾಳೆ ಎಂದು ಹೊಟ್ಟೆ ಹಿಡಿದು ನಗುವನು. ಬಿರುಕು ಬಿಟ್ಟ ಕೊಡ ಮೂಲೆಯಲ್ಲಿದ್ದರೆ ಅದು ಸುಮ್ನ, ನೋಡಾಕ. ಹಾಲು ಕೊಡದ ಎಮ್ಮೆ ಸುಮ್ನ, ನೋಡಾಕ. ಕೆಲಸ ಮಾಡದ ಅಳಿಯನೊಬ್ಬ ನಮ್ಮ ನೆಂಟರಲ್ಲಿದ್ದಾನೆ, ಅವನಿಗೂ ಅದೇ ಬಿರುದು. ನಾನು ಪ್ರತಿ ಸಲ ನಕ್ಕಂತೆ ಮಾಡುತ್ತಿದ್ದೆ. ಒಳಗೆ ಮೈ ಉರಿಯುತ್ತಿತ್ತು.

ನನ್ನೊಬ್ಬಳದೇ ಆಗಿದ್ದರೆ ಹೀಗೇ ಉರಿದುಕೊಂಡು ರಿಟೈರ್ ಆಗುತ್ತಿದ್ದೆ. ಆದರೆ ಅಣ್ಣನ ಮಗಳು ಪಿಯುಸಿ ಮುಗಿಸಿದಳು. ಮಾತು ಕಡಿಮೆಯ ಹುಡುಗಿ. ಪಾಸಾದ ವಾರಕ್ಕೆ ಅಪ್ಪನ ಎದುರು ಕೂತು, ಕಲಬುರಗಿಗೆ ಹೋಗಿ ಚಿತ್ರಕಲೆ ಕಲಿಯುತ್ತೇನೆ, ಅತ್ತೆಯ ಹಾಗೆ ಬೆಳಕಿನ ಕೆಲಸ ಮಾಡುತ್ತೇನೆ ಎಂದಳು. ಅಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಮನೆಗೆ ಒಬ್ಬಳು ಸಾಕು ಎಂದ. ಹುಡುಗಿ ಎದ್ದು ಹೋಗಿ ತಲೆದಿಂಬಿಗೆ ಮುಖ ಕೊಟ್ಟು ಮಲಗಿದವಳು ಎರಡು ದಿನ ಊಟಕ್ಕೆ ಬರಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ನನಗೆ ಫೋನ್ ಮಾಡಿ ಬರೀ ಬಿಕ್ಕಿದಳು. ನಾನು ಮರುದಿನವೇ ಮಣ್ಣೂರಿಗೆ ಬಸ್ಸು ಹತ್ತಿದೆ.

ಪಡಸಾಲೆಯಲ್ಲಿ ಜಗಳವಾಯಿತು. ಗೋಡೆಯ ಮೇಲೆ ಶರಣರ ಫೋಟೋ ಇದೆ. ಯಾವ ಕಾಯಕವೂ ಕೀಳಲ್ಲ, ಎಲ್ಲ ದಿನವೂ ಒಳ್ಳೆಯ ದಿನ ಎಂದು ಹೇಳಿಹೋದ ದೊಡ್ಡವರ ಫೋಟೋ. ಅದರ ಕೆಳಗೇ ಕೂತು ಅಣ್ಣ, ಇದೂ ಒಂದು ಕಾಯಕವೇ ಎಂದು ನನ್ನನ್ನು ಕೇಳಿದ. ಆ ಫೋಟೋದ ಪಕ್ಕದಲ್ಲೇ ಕ್ಯಾಲೆಂಡರ್ ತೂಗುಹಾಕಿಕೊಂಡು, ಮಂಗಳವಾರ ಒಂದು ಮೊಳೆ ಕೂಡ ಹೊಡೆಯಗೊಡದ ಮನುಷ್ಯ ಇವನು! ನಾನು ಹಾಗೆಯೇ ಅಂದೇಬಿಟ್ಟೆ. ನನ್ನ ಕೆಲಸವನ್ನು ಒಂದು ದಿನವಾದರೂ ಬಂದು ನೋಡಿದ್ದೀಯಾ ಎಂದೂ ಕೇಳಿದೆ. ಅಣ್ಣ ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡ. ಆಮೇಲೆ ವ್ಯಾಪಾರ ಮುಗಿಸುವ ದನಿಯಲ್ಲಿ ಹೇಳಿದ:

"ಆತು. ಒಂದ್ಸಲ ಕಣ್ಣಿಲೆ ನೋಡ್ತೇನಿ. ನನಗ ಛಂದ ಅನಿಸ್ತಂದ್ರ ಹುಡುಗಿ ಹೋಗ್ಲಿ. ಇಲ್ಲಂದ್ರ ಈ ಮಾತು ಇಲ್ಲಿಗೇ ಖತಂ."

ಒಳಗಿನ ಬಾಗಿಲ ಹಿಂದೆ ಹುಡುಗಿಯ ಬಳೆ ಸದ್ದಾಯಿತು. ಕಾಲೇಜಿನ ಫಾರ್ಮ್ ತುಂಬುವುದಕ್ಕೆ ಇನ್ನು ಹೆಚ್ಚು ಸಮಯ ಉಳಿದಿರಲಿಲ್ಲ.

ಅದೇ ಹೊತ್ತಿಗೆ ಬೆಂಗಳೂರಿನ ಕಲಾಶಿಬಿರವೊಂದರಿಂದ ಒಬ್ಬ ಸಂಯೋಜಕಿ ನನ್ನನ್ನು ಹುಡುಕಿಕೊಂಡು ಬಂದಳು. ಅವರು ಊರೂರಲ್ಲಿ ತಾತ್ಕಾಲಿಕ ಕಲೆ ಮಾಡಿಸಿ ವಿಡಿಯೋ ತೆಗೆದುಕೊಂಡು ಹೋಗುವವರು. ಕೈಮಗ್ಗದ ಸೀರೆ, ಹಣೆಗೆ ದೊಡ್ಡ ಕುಂಕುಮ, ಬಾಯಿ ತೆರೆದರೆ 'ಕ್ಷಣಿಕ'. ಬೆಳಕಿನ ಕ್ಷಣಿಕತೆಯನ್ನು ಗ್ರಾಮೀಣ ಸಮುದಾಯಕ್ಕೆ ಪರಿಚಯಿಸುವುದು ಅವಳ ಉದ್ದೇಶವಂತೆ. ಊಟದ ನಡುವೆ ಕರೆಂಟು ಹೋಗಿ ಕತ್ತಲಲ್ಲೇ ಪಲ್ಯ ಹುಡುಕಿಕೊಳ್ಳುವ ಜನಕ್ಕೆ ಬೆಳಕು ಕ್ಷಣಿಕ ಎಂದು ಕಲಿಸಲು ಪಾಪ, ಅಷ್ಟು ದೂರದಿಂದ ಬಂದಿದ್ದಳು. ನನಗೂ ನಾಲ್ಕು ಜನ ದೊಡ್ಡ ಊರಿನವರು ನೋಡಿದರೆ ಅಣ್ಣನ ಮೇಲೆ ತುಸು ವಜನು ಬೀಳುತ್ತದೆ ಎನಿಸಿತು. ಮಣ್ಣೂರಿಗೆ ಬನ್ನಿ, ನಮ್ಮ ಅಣ್ಣನ ಹೊಲದಲ್ಲಿ ಮಾಡುತ್ತೇನೆ ಎಂದೆ.

ನದಿ ದಂಡೆಯಲ್ಲಿ ಅಣ್ಣನದೊಂದು ಮೋಟಾರು ಶೆಡ್ಡಿದೆ. ಭೀಮೆಯಿಂದ ನೀರೆತ್ತಿ ಕಬ್ಬಿಗೆ ಬಿಡುವ ಮೋಟಾರು. ಶೆಡ್ಡಿನ ಮುಂದೆ ಸ್ವಲ್ಪ ಬಯಲು, ಬಯಲಿನ ಆಚೆ ಆಳೆತ್ತರದ ಕಬ್ಬು. ಶೆಡ್ಡಿನ ಮೇಲೊಂದು ಉದ್ದನೆಯ ಗಳ ನಿಲ್ಲಿಸಿ, ಅದರ ತುದಿಗೆ ಸಾಲಾಗಿ ಮೂರು ಫೋಕಸ್ ಲೈಟು ಕಟ್ಟಿದೆ. ಒಂದಕ್ಕೆ ಕೆಂಪು ಹಾಳೆ, ಒಂದಕ್ಕೆ ಹಳದಿ, ಒಂದಕ್ಕೆ ನೀಲಿ. ವೈನಿ ಅಣ್ಣನ ಹಳೆಯ ಧೋತ್ರಗಳನ್ನು ಒಂದಕ್ಕೊಂದು ಹೊಲಿದುಕೊಟ್ಟಳು. ಅದನ್ನು ಕಬ್ಬಿನ ಅಂಚಿಗೆ ಪರದೆಯ ಹಾಗೆ ಕಟ್ಟಿದೆವು. ನಡುವೆ ಯಾರಾದರೂ ಬಂದು ನಿಂತರೆ ಅವರ ನೆರಳು ಒಂದಲ್ಲ, ಮೂರು ಬೀಳುತ್ತದೆ. ಮೂರಕ್ಕೂ ಬೇರೆ ಬೇರೆ ಬಣ್ಣ. ಕೈ ಎತ್ತಿದರೆ ಮೂವರೂ ಎತ್ತುತ್ತಾರೆ. ಹುಡುಗಿ ಹಗಲೆಲ್ಲ ನನ್ನ ಜೊತೆ ವೈರು ಎಳೆದು, ಸಂಜೆಗೆ, ದೀಪ ಹಚ್ಚುವ ಮೊದಲೇ ಪರದೆಯ ಮುಂದೆ ನಿಂತು ತಾನು ಹೇಗೆ ಕಾಣುತ್ತೇನೆ ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ಅವಳ ಹಲ್ಲು ಕಂಡಿದ್ದು ಆಗಲೇ.

ಕೆಂಪು, ಹಳದಿ, ನೀಲಿ ಯಾಕೆ? ಡ್ರಾಯಿಂಗ್ ಪುಸ್ತಕದ ಮೊದಲ ಪಾಠ ಅದೇ, ಮೂಲ ಬಣ್ಣಗಳು. ವರ್ಷಗಟ್ಟಲೆ ಅದನ್ನೇ ಕಲಿಸಿ ನನ್ನ ತಲೆ ಅದೇ ಅಚ್ಚಿಗೆ ಬಿದ್ದುಬಿಟ್ಟಿದೆ. ಆದರೆ ಭೀಮಾ ದಂಡೆಯ ರೈತನಿಗೆ ಆ ಮೂರು ಬಣ್ಣ ಬೇರೆಯದನ್ನೇ ಹೇಳುತ್ತವೆ. ಮೋಟಾರಿನ ಸ್ಟಾರ್ಟರ್ ಡಬ್ಬಿಯ ಮೇಲೆ ಮೂರು ಪುಟ್ಟ ದೀಪ ಇರುತ್ತವೆ, ಕೆಂಪು, ಹಳದಿ, ನೀಲಿ. ಮೂರೂ ಹತ್ತಿದರೆ ಮೋಟಾರು ತಿರುಗಿಸುವ ತ್ರೀ ಫೇಸ್ ಕರೆಂಟು ಬಂತು ಎಂದರ್ಥ. ಹೊಲದ ಲೈನಿಗೆ ಅದು ಬರುವುದು ದಿನಕ್ಕೆ ಕೆಲವು ತಾಸು ಮಾತ್ರ. ಬಂದಾಗ ಊಟ ಬಿಟ್ಟು ಓಡಬೇಕು. ಮೊಬೈಲಿನಿಂದಲೇ ಮೋಟಾರು ಹಚ್ಚುವ ಡಬ್ಬಿಗಳೂ ಬಂದಿವೆ, ಆದರೆ ದಂಡೆಯಲ್ಲಿ ಟವರ್ ಸಿಗದೆ ಅವೂ ಸುಮ್ಮನೆ ನೋಡಲಿಕ್ಕೇ ಆಗಿವೆ. ಇದರ ಮೇಲೆ, ಆ ವಾರ ದಂಡೆಯ ಹೊಲಗಳ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರು, ಸುಟ್ಟುಹೋಗಿತ್ತು. ಹೊಸ ಟಿಸಿ ಕೂಡಿಸುತ್ತಾರೆ, ಇವತ್ತೋ ನಾಳೆಯೋ ಕರೆಂಟು ಬರುತ್ತದೆ ಎಂದು ಇಡೀ ಊರು ನದಿಯ ಕಡೆ ಮುಖಮಾಡಿ ಕೂತಿತ್ತು. ನಾನು ಊರಿನ ಮನೆಗಳ ಲೈನಿನಿಂದ ವೈರು ಎಳೆದುಕೊಂಡಿದ್ದೆ, ಅದರ ಟಿಸಿ ಬೇರೆ. ನನ್ನ ದೀಪಕ್ಕೆ ಕರೆಂಟಿತ್ತು, ಅವರ ಮೋಟಾರಿಗೆ ಇರಲಿಲ್ಲ.

ಅಣ್ಣನಿಗೆ ಊಟದ ಹೊತ್ತಿಗೆ ಬಾ ಎಂದು ಹೇಳಿದ್ದೆ. ನಾನು ಲೈಟು ಕಟ್ಟುತ್ತೇನೆ ಎಂದು ಅವನಿಗೆ ಗೊತ್ತಿತ್ತು, ಯಾವ ಬಣ್ಣ ಎಂದು ಅವನು ಕೇಳಿರಲಿಲ್ಲ. ಮದುವೆಯ ಸೀರಿಯಲ್ ಸೆಟ್ಟು ಎಂದುಕೊಂಡಿದ್ದನೋ ಏನೋ. ಹೊತ್ತು ಮುಳುಗಿ ಇನ್ನೂ ಆಕಾಶ ಕೆಂಪಗಿದ್ದಾಗ, ಒಮ್ಮೆ ಪರೀಕ್ಷೆಗೆ ಎಂದು ನಾನು ಸ್ವಿಚ್ ಹಾಕಿದೆ.

ಕಬ್ಬಿನ ಮೇಲೆ ಮೂರೂ ಬಣ್ಣ ಝಗ್ ಎಂದವು. ಅತ್ತ ಹವಳಗಾದ ಸಕ್ಕರೆ ಫ್ಯಾಕ್ಟರಿಯ ದೀಪಗಳು ಮಂಕಾಗಿ ಕಂಡವು. ನಾನು ಹುಡುಗಿಯ ಮುಖ ನೋಡಿದೆ, ಹುಡುಗಿ ನನ್ನ ಮುಖ ನೋಡಿದಳು. ಸಂಯೋಜಕಿ ಕ್ಯಾಮೆರಾ ಎತ್ತಿದಳು. ಆಗ ಊರಿನ ಕಡೆಯಿಂದ ಒಂದು ಗದ್ದಲ ಕೇಳಿಸಿತು. ಬಂತು, ಬಂತು ಎನ್ನುವ ಕೂಗು. ಏನು ಬಂತು ಎಂದು ನಾವು ಯೋಚಿಸುವುದರೊಳಗೆ ಕಬ್ಬು ಅಲುಗಾಡತೊಡಗಿತು. ಒಂದು ಕಡೆ ಬೈಕು, ಒಂದು ಕಡೆ ಟಾರ್ಚು, ಒಂದು ಕಡೆ ಬರಿಗಾಲು. ತಮ್ಮ ತಮ್ಮ ಶೆಡ್ಡಿನ ಕಡೆಗೆ ಗಂಡಸರೆಲ್ಲ ಬಿದ್ದಂಬೀಳ ಓಡುತ್ತಿದ್ದರು.

ಎಲ್ಲರಿಗಿಂತ ಮುಂದೆ ನಮ್ಮ ಅಣ್ಣ! ಧೋತ್ರ ಮೊಣಕಾಲ ಮೇಲೆ, ಕೈಯಲ್ಲಿ ಶೆಡ್ಡಿನ ಕೀಲಿ. ಬಯಲಿಗೆ ಬಂದ ಕೂಡಲೇ ಪರದೆಯ ಮೇಲೆ ಮೂವರು ಅಣ್ಣಂದಿರು ಎದ್ದು ನಿಂತರು. ಅಕ್ಕಪಕ್ಕ ಮೂವರು, ಒಬ್ಬೊಬ್ಬನದು ಒಂದೊಂದು ಬಣ್ಣ, ಮೂವರ ಕೈಯಲ್ಲೂ ಕೀಲಿ, ಮೂವರಿಗೂ ಅವಸರ. ಅಣ್ಣ ನಮ್ಮನ್ನು ನೋಡಲೂ ಇಲ್ಲ. ಬಾಗಿಲು ತೆಗೆದ, ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಡಬ್ಬಿಗೆ ಒಂದು ಏಟು ಕೊಟ್ಟ. ಆಮೇಲೆ ಹೊರಗೆ ಬಂದು ತಲೆ ಎತ್ತಿ ಗಳದ ತುದಿ ನೋಡಿದ.

"ಅಪ್ಪಾ, ಅಲ್ಲೇ ನಿಂದ್ರು," ಎಂದಳು ಹುಡುಗಿ. "ಒಮ್ಮೆ ನಿನ್ನ ನೆರಳು ನೋಡು."

ಅವನು ತಿರುಗಿ ನೋಡಿದ. ಖರೇ ಹೇಳುತ್ತೇನೆ, ನೋಡಿದ. ಕೀಲಿ ಹಿಡಿದ ಕೈಯನ್ನು ತುಸು ಎತ್ತಿದ, ಮೂವರೂ ಎತ್ತಿದರು. ಇಳಿಸಿದ, ಮೂವರೂ ಇಳಿಸಿದರು. ಇನ್ನೊಂದು ಗಳಿಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ. ಅಷ್ಟರಲ್ಲಿ ಸತ್ತ ಗುಂಡಿ ಒತ್ತಿ ಒತ್ತಿ ಸಾಕಾದ ಊರಿನವರು ಒಬ್ಬೊಬ್ಬರೇ ನಮ್ಮ ದೀಪದ ಬುಡಕ್ಕೆ ಬಂದು ಸೇರಿದರು. ಒಬ್ಬನ ಕಾಲಿಗೆ ಮುಳ್ಳು, ಒಬ್ಬನ ಅಂಗಿ ಹರಿದಿತ್ತು, ಒಬ್ಬ ಕೈಯಲ್ಲಿ ಇನ್ನೂ ಊಟದ ತುತ್ತು ಹಿಡಿದಿದ್ದ.

ಪಕ್ಕದ ಹೊಲದ ಸಾವುಕಾರ ಬಾಯಿ ಜೋರಿನ ಮನುಷ್ಯ. ನಿಮ್ಮ ಮನೆಯವರು ಇಡೀ ಊರನ್ನು ಓಡಿಸಿದರಲ್ಲ ಎಂದು ಅಣ್ಣನಿಗೆ ಎಲ್ಲರೆದುರು ಅಂದ. ಅಣ್ಣನ ಮುಖ ಕಪ್ಪಿಟ್ಟಿತು. ಇಂಥ ಹೊತ್ತಿನಲ್ಲಿ ಸಂಯೋಜಕಿ ಕಣ್ಣಲ್ಲಿ ನೀರು ತುಂಬಿಕೊಂಡು ಮುಂದೆ ಬಂದಳು. ಅದ್ಭುತ, ಇಡೀ ಸಮುದಾಯ ತಾನಾಗಿ ಕಲೆಯಲ್ಲಿ ಭಾಗವಹಿಸಿತು ಎಂದಳು. ಕ್ಯಾಮೆರಾವನ್ನು ಅಣ್ಣನ ಮುಖಕ್ಕೇ ಹಿಡಿದು, ಸರ್, ಈ ಅನುಭವ ನಿಮಗೆ ಹೇಗನ್ನಿಸಿತು ಎಂದು ಕೇಳಿದಳು. ಅನುಭವವನ್ನು ಒಣಗಿದ ಕಬ್ಬಿಗೆ ಕೇಳಿ ಎಂದ ಪಕ್ಕದ ಸಾವುಕಾರ. ಅದನ್ನೂ ಅವಳು ಖುಷಿಯಿಂದ ರೆಕಾರ್ಡ್ ಮಾಡಿಕೊಂಡಳು.

ಅಣ್ಣ ನನ್ನ ಹತ್ತಿರ ಬಂದ. ದನಿ ಏರಿಸಲಿಲ್ಲ.

"ನೋಡಿದೆ," ಎಂದ. "ಮುಗೀತು."

ಹುಡುಗಿ ಸ್ವಿಚ್ ತೆಗೆದು ವೈರು ಸುತ್ತತೊಡಗಿದಳು. ನನಗೆ ಅಣ್ಣನ ಮೇಲೆ, ಊರಿನ ಮೇಲೆ, ಸುಟ್ಟ ಟಿಸಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಕ್ಷಣಿಕದ ಮೇಲೆ ಎಂಥ ಸಿಟ್ಟು ಬಂತೆಂದರೆ, ಸಂಯೋಜಕಿ ಅಪ್ಪಿಕೊಳ್ಳಲು ಬಂದಾಗ ಅವಳ ಕೈಗೆ ಧೋತ್ರದ ಗಂಟು ಕೊಟ್ಟು, ಹೊತ್ತುಕೊಂಡು ನಡಿ ಎಂದುಬಿಟ್ಟೆ. ಆಮೇಲೆ ಅವರು ಹಾಕಿದ ವಿಡಿಯೋ ನನಗೂ ಬಂತು. ಕರೆಂಟಿಗಾಗಿ ಬಿದ್ದೆದ್ದು ಓಡುವ ನಮ್ಮ ಮಂದಿಗೆ ಹಿಂದೆ ಕೊಳಲು ಊದಿಸಿದ್ದರು. ಅದನ್ನು ನಾನು ಅಣ್ಣನಿಗೆ ಕಳಿಸಲಿಲ್ಲ. ಬೇರೆ ಯಾರೋ ಕಳಿಸಿದರು.

ಮುಂದಿನ ವಾರ ಟಿಸಿ ಬಂತು, ನೀರು ಹರಿಯಿತು, ಊರಿನ ಸಿಟ್ಟು ಇಳಿಯಿತು. ಒಂದು ಮಧ್ಯಾಹ್ನ ಅಣ್ಣನಿಂದ ಫೋನು. ಅವನಾಗಿ ನನಗೆ ಫೋನ್ ಮಾಡುವ ಪೈಕಿ ಅಲ್ಲ, ಯಾರಾದರೂ ತೀರಿಕೊಂಡರೋ ಎಂದುಕೊಂಡೆ. ಆ ಮೂರು ದೀಪ ಎಲ್ಲಿವೆ ಎಂದು ಕೇಳಿದ. ಪಕ್ಕದ ಹೊಲದ ಸಾವುಕಾರ ಪಡಸಾಲೆಗೆ ಬಂದು ಚಹಾ ಕುಡಿಯುತ್ತ, ಆ ದೀಪಗಳು ನಮ್ಮ ಊರಬಾಗಿಲ ಅಗಸಿಯವರೆಗೂ ಕಾಣುತ್ತಿದ್ದವು, ಅವನ್ನು ಹೊಲದ ಖರೇ ಲೈನಿಗೆ ಕಟ್ಟಿದರೆ ದಂಡೆಯ ರೈತರೆಲ್ಲ ಮನೆಯಿಂದಲೇ ನೋಡಿ, ಮೂರೂ ಫೇಸ್ ಬಂದಾಗ ಮಾತ್ರ ಹೋಗಬಹುದಲ್ಲ ಎಂದಿದ್ದನಂತೆ. ಊರಿಗೆಲ್ಲ ಅದು ಸರಿ ಎನಿಸಿದೆಯಂತೆ.

ನಾನು ಸೆಟೆದುಕೊಂಡೆ. ಅದು ತಾತ್ಕಾಲಿಕ ಕಲಾಕೃತಿ, ಒಂದು ಸಂಜೆಯದು, ಅದರ ಆಯುಷ್ಯ ಮುಗಿಯಿತು, ಕಂಬಕ್ಕೆ ಕಟ್ಟಿ ಕಾಯಂ ಮಾಡಿದರೆ ಅದರ ಅರ್ಥವೇ ಹೋಗುತ್ತದೆ ಎಂದು ಉಪನ್ಯಾಸ ಕೊಟ್ಟೆ. ಅಣ್ಣ ಪೂರ್ತಿ ಕೇಳಿಸಿಕೊಂಡ.

"ನಿನ್ನ ಕಲೆ ಸತ್ತದ, ಒಪ್ಪಿದೆ," ಎಂದ. "ದೀಪ ಸತ್ತಾವೇನು?"

ಅದೇ ಉಸಿರಿನಲ್ಲಿ ಇನ್ನೊಂದು ಸುದ್ದಿ ಹೇಳಿದ. ಹುಡುಗಿಯನ್ನು ಓದಿಸಲು ಠರಾಯಿಸಿದ್ದಾನಂತೆ. ಎಲೆಕ್ಟ್ರಿಕಲ್ ಡಿಪ್ಲೊಮಾ. ವೈರು ಹಿಡಿಯಲಿಕ್ಕೆ ಅತ್ತೆ ಚಲೋ ಕಲಿಸಿದ್ದಾಳೆ, ಆ ಗುಣ ಹಾಳಾಗಬಾರದಂತೆ. ನಾನು ಫೋನಿನಲ್ಲೇ ಚೀರಾಡಿದೆ. ಆ ಕಡೆ ಅವನು ಆಗಲೇ ಫೋನ್ ಇಟ್ಟು ಜೇವರ್ಗಿಗೆ ಯಾರದೋ ನಿಶ್ಚಯಕ್ಕೆ ಹೊರಡುವ ತಯಾರಿಯಲ್ಲಿದ್ದ.

ಮರುದಿನ ಸೋಮವಾರ. ಶಾಲೆಗೆ ರಜೆ ಹಾಕಿ, ದೀಪಗಳನ್ನು ಚೀಲದಲ್ಲಿ ಹಾಕಿಕೊಂಡು ಮಣ್ಣೂರಿಗೆ ಹೋದೆ. ದೀಪ ಕೊಡುವ ನೆಪದಲ್ಲಿ ಇನ್ನೊಂದು ಸಲ ಜಗಳವಾಡುವುದಿತ್ತು. ಅಣ್ಣ ಜೇವರ್ಗಿಯಿಂದ ಇನ್ನೂ ಬಂದಿರಲಿಲ್ಲ. ಹುಡುಗಿ ಊರಿನ ಮೋಟಾರು ರಿಪೇರಿಯವನನ್ನು ಕರೆದುಕೊಂಡು ಶೆಡ್ಡಿನ ಮೇಲೆ ಹತ್ತಿ ಕೂತಿದ್ದಳು. ಮುಖ ಬಿಗಿದುಕೊಂಡು ವೈರಿನ ತುದಿ ಸುಲಿಯುತ್ತಿದ್ದಳು. ಮೂರು ಫೇಸಿಗೆ ಮೂರು ಹೋಲ್ಡರು. ಅವುಗಳ ಪಕ್ಕದಲ್ಲಿ, ಸ್ವಲ್ಪ ಕೆಳಗೆ, ನದಿಯ ಕಡೆ ಮುಖಮಾಡಿ ನಾಲ್ಕನೆಯದೊಂದು. ಅದಕ್ಕೆ ಬಿಳಿ ಬಲ್ಬು ಹಾಕಿ, ಮುಂದೆ ವೈನಿಯ ತಗಡಿನ ಜರಡಿ ಕಟ್ಟಿದ್ದಳು. ಇದು ಯಾವ ಫೇಸಿನದೇ ಎಂದು ಕೇಳಿದೆ.

"ಯಾವುದರದೂ ಅಲ್ಲ, ಅತ್ತಿ," ಎಂದಳು.

ಅಪ್ಪನಿಗೆ ಹೇಳಿದ್ದೀಯಾ ಎಂದರೆ ಇನ್ನೊಂದು ವೈರು ಸುಲಿಯತೊಡಗಿದಳು. ಜರಡಿಯ ತೂತು ದೊಡ್ಡವಾಗಿದ್ದವು, ಅದಕ್ಕೇ ಕೊಟ್ಟೆ ಎಂದಳು ಕೆಳಗೆ ನಿಂತಿದ್ದ ವೈನಿ, ನಾನು ಕೇಳದಿದ್ದರೂ. ಹೊಸ ಜರಡಿ ಅದು.

ಸಂಜೆಗೆ ಅಣ್ಣ ಬಂದ. ನಿಶ್ಚಯದ ಊಟ ಉಂಡು, ಇಸ್ತ್ರಿಯ ಬಟ್ಟೆಯಲ್ಲೇ ಸೀದಾ ಹೊಲಕ್ಕೆ ಬಂದ. ಪಕ್ಕದ ಸಾವುಕಾರ ಬಂದ, ದಂಡೆಯ ರೈತರೆಲ್ಲ ಬಂದರು. ಊರಿಗೊಂದು ಹೊಸ ಅನುಕೂಲ ಆಗುತ್ತಿದೆ ಎಂದು ಯಾರೋ ತೆಂಗಿನಕಾಯಿ ಕೂಡ ತಂದಿದ್ದರು. ಹೊತ್ತು ಮುಳುಗುವ ವೇಳೆಗೆ ಕರೆಂಟು ಬಂತು. ಕೆಂಪು, ಹಳದಿ, ನೀಲಿ ಒಟ್ಟಿಗೆ ಹತ್ತಿದವು. ಎಲ್ಲರೂ ಕೈಮುಗಿದರು. ಆಮೇಲೆ ಅವರ ಕಣ್ಣು ಕೆಳಗೆ ಬಂತು. ನಾಲ್ಕನೆಯ ದೀಪದ ಬೆಳಕು ಜರಡಿಯ ತೂತುಗಳಿಂದ ಇಳಿದು ದಂಡೆಯ ಮೇಲೆ, ಕಬ್ಬಿನ ಗರಿಯ ಮೇಲೆ, ನೀರಿನ ಮೇಲೆ ಜೋಳ ಚೆಲ್ಲಿದ ಹಾಗೆ ಬಿದ್ದಿತ್ತು. ನೀರಿನ ಮೇಲಿನ ಕಾಳು ಅಲುಗುತ್ತಿದ್ದವು. ಯಾರೂ ತಮ್ಮ ಮೋಟಾರಿನ ಕಡೆ ಹೋಗಲಿಲ್ಲ. ನನ್ನ ಇಡೀ ಸರ್ವಿಸಿನಲ್ಲಿ ನನಗೆ ಸಿಗದ ಪ್ರೇಕ್ಷಕರು ಅವರು.

ಪಕ್ಕದ ಸಾವುಕಾರ ಅಣ್ಣನ ಕಡೆ ತಿರುಗಿದ.

"ಮೂರು ತಿಳೀತ್ರಿ, ಸಾವ್ಕಾರ್ರ. ಆ ಬಿಳೀದು ಯಾತಕ್ಕ ಬರ್ತದ?"

ಅಣ್ಣನಿಗೆ ಗೊತ್ತೆಲ್ಲಿತ್ತು! ಅವನು ಆ ದೀಪ ನೋಡುತ್ತಿದ್ದುದು ಆಗಲೇ ಮೊದಲು. ಮಗಳ ಕಡೆ ನೋಡಿದ. ಅವಳು ಎವೆಯಿಕ್ಕದೆ ಅಪ್ಪನನ್ನೇ ನೋಡುತ್ತಿದ್ದಳು. ನನ್ನ ಕಡೆ ನೋಡಿದ. ನಾನು ಸೆರಗಿನಿಂದ ಕನ್ನಡಕ ಒರೆಸಿಕೊಳ್ಳತೊಡಗಿದೆ. ಮಣ್ಣೂರಿನ ಹೊಲದ ಧಣಿ ತನ್ನದೇ ಶೆಡ್ಡಿನ ಮೇಲಿನ ದೀಪ ಯಾತಕ್ಕೆ ಎಂದು ತನಗೇ ಗೊತ್ತಿಲ್ಲ ಅಂತ ನಾಲ್ಕು ಮಂದಿಯ ಮುಂದೆ ಹೇಳುವುದುಂಟೆ? ಸಾಯುವ ಮಾತು. ಅವನು ಹೆಗಲ ಮೇಲಿನ ಶಲ್ಯ ಸರಿಪಡಿಸಿಕೊಂಡ, ನೀರಿನ ಕಡೆ ನೋಡಿದ, ಸ್ವಲ್ಪ ಹೆಚ್ಚೇ ಹೊತ್ತು ನೋಡಿದ.

"ಅದು ಸುಮ್ನ ಅದ," ಎಂದ. "ನೋಡಾಕ."

ಯಾರೂ ನಗಲಿಲ್ಲ. ಪಕ್ಕದ ಸಾವುಕಾರ ಗೋಣು ಆಡಿಸಿ, ಛಂದ ಅದ ಬಿಡ್ರಿ ಎಂದ. ಆಮೇಲೆ ಕರೆಂಟಿನ ನೆನಪಾಗಿ ಎಲ್ಲರೂ ಬಿದ್ದಂಬೀಳ ಓಡಿದರು.

ನನ್ನ ಅರ್ಧ ಆಯುಷ್ಯ ಚೇಷ್ಟೆಗೆ ಹೋದ ಮಾತು ಅದು. ಅವನ ಬಾಯಿಂದಲೇ, ಅಷ್ಟು ಜನರ ಎದುರು ಬಂದಿದೆ, ನಾನು ಬಿಡುತ್ತೇನೆಯೆ? ಅಣ್ಣನ ಬೆನ್ನ ಹಿಂದೆಯೇ ಶೆಡ್ಡಿನೊಳಗೆ ಹೋದೆ. ಹುಡುಗಿ ಬಾಗಿಲಲ್ಲಿ ನಿಂತಳು. ಅವಳ ಕೈ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು.

"ಅಣ್ಣಾ, ಮಂದಿ ಮುಂದ ಹೇಳಿದಿ," ಎಂದೆ. "ಸುಮ್ನ ನೋಡಾಕ ಮಾಡೋದನ್ನ ಕಲಿಯಾಕ ಕಲಬುರಗಿಗೆ ಕರ್ಕೊಂಡು ಹೋಗ್ತೇನಿ. ನಾಳೆ ಫಾರ್ಮ್ ತುಂಬ್ತೇವಿ."

ಅವನು ಹಸಿರು ಗುಂಡಿ ಒತ್ತಿದ. ಮೋಟಾರು ಹಿಡಿಯಿತು. ಪೈಪಿನ ಬಾಯಿಗೆ ನೀರು ಬರುವವರೆಗೂ ಕಾದ. ಬಂದ ಮೇಲೆ ಹೊರಗೆ ಹೋಗಿ, ಇಸ್ತ್ರಿಯ ಧೋತ್ರ ಎತ್ತಿ ಹಿಡಿದು ಕಾಲು ತೊಳೆದುಕೊಂಡ. ಜರಡಿಯ ಬೆಳಕು ಅವನ ಪಾದದ ಮೇಲೂ ಬಿದ್ದಿತ್ತು. ಅವನು ನಮ್ಮ ಕಡೆ ತಿರುಗಲಿಲ್ಲ.

"ನಾಳೆ ಮಂಗಳವಾರ ಅದ," ಎಂದ. "ಬುಧವಾರ ಹೋಗ್ರಿ."